ತಂಗಿಗೆ ಟಕಯಾಸು ಅಂದಾರ, ಇಮ್ಯುನಿಟಿ ಹೆಚ್ಚಿಸೋ ಕಷಾಯ ಕುಡಿಸಬೇಕೇನ್ರಿ?

ಪ್ರಶ್ನೆ (ನರಗುಂದ ಕಡೆಯಿಂದ):
ಮೇಡಂ, ನಮಸ್ಕಾರ್ರಿ. ನನ್ನ ತಂಗಿಗೆ 23 ವರ್ಷ. ಭಾಳ ದಿನದಿಂದ ಸುಸ್ತು, ಸಂಜಿಕ ಸಣ್ಣ ಜ್ವರ, ಎಡಗೈಲೆ ಕೊಡ ಎತ್ತಿದ್ರ ಕೈ ಸೋತು ಬರ್ತಿತ್ತು. ಊರ ದವಾಖಾನ್ಯಾಗ ಬಿಪಿ ನೋಡಿದ್ರ ಎಡಗೈಯಾಗ ನಾಡೀನೇ ಸಿಗಲಿಲ್ಲ, ಬಲಗೈಯಾಗ ಮ್ಯಾಲಿಂದು 150. ಹುಬ್ಬಳ್ಳ್ಯಾಗ ಸಿಟಿ ಆಂಜಿಯೋಗ್ರಾಂ ಮಾಡಿ ಟಕಯಾಸು ಆರ್ಟರೈಟಿಸ್ (ದೊಡ್ಡ ರಕ್ತನಾಳದ ಉರಿಯೂತ) ಅಂದಾರ. ಪ್ರೆಡ್ನಿಸೊಲೋನ್ ಅನ್ನೂ ಸ್ಟಿರಾಯ್ಡ್ ದಿನಾ, ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಚಾಲೂ ಆಗ್ಯಾವ. ಈಗ ಮುಖ ಊದೇತಿ. ಬೀಗರು, "ಇಮ್ಯುನಿಟಿ ಕಡಿಮಿ ಆಗಿ ಹಿಂಗಾಗೇತಿ, ಸ್ಟಿರಾಯ್ಡ್ ಬಿಡಸ್ರಿ, ಅಮೃತಬಳ್ಳಿ ಕಷಾಯ ಕುಡಸ್ರಿ" ಅನ್ನಾಕತ್ಯಾರ. ಏನ್ ಮಾಡೂದ್ರಿ?

ಉತ್ತರ (ರುಮಟಾಲಜಿಸ್ಟ್, ಹುಬ್ಬಳ್ಳಿ):
ನಮಸ್ಕಾರ್ರಿ. ಮೊದ್ಲ ಒಂದು ಮಾತು: ಸ್ಟಿರಾಯ್ಡ್ ಗುಳಿಗಿ ನಿಮ್ಮಷ್ಟಕ್ಕ ನೀವ ನಿಲ್ಲಸಬ್ಯಾಡ್ರಿ. ಕೆಲವು ವಾರ ಇದನ್ನ ತಗೊಂಡ ಮೈಯಾಗ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ಹಾರ್ಮೋನ್ ಮಾಡೂದು ಕಡಿಮಿ ಮಾಡಿರ್ತೈತಿ. ಒಮ್ಮೆಲೇ ಬಿಟ್ರ ವಾಂತಿ, ಬಿಪಿ ಕುಸಿಯೂದು, ಜೀವಕ್ಕೂ ಅಪಾಯ. ಮುಖದ ಊತ ಡೋಸ್ ಇಳಿದಂಗ ಇಳೀತೈತಿ, ತಂಗಿಗೆ ಧೈರ್ಯ ಹೇಳ್ರಿ.

ಇಮ್ಯುನಿಟಿ ಕಡಿಮಿ ಆಗಿ ಬಂದ ರೋಗ ಇದಲ್ಲ. ಅದರ ಹಿಡಿತ ತಪ್ಪಿ ಬಂದದ್ದು. ದೊಡ್ಡ ರಕ್ತನಾಳದ ಗ್ವಾಡಿಗೂ ರಕ್ತ ಬೇಕಲ್ರಿ, ಅದಕ್ಕ ಹೊರಪದರದಾಗ ಕೂದಲೆಳಿಯಂಥ ಸಣ್ಣ ನಾಳ ಇರ್ತಾವ. ಇಮ್ಯುನಿಟಿಯ ಸೈನಿಕರಂಥ ಟಿ ಕೋಶಗಳು, ಮ್ಯಾಕ್ರೊಫೇಜ್‌ಗಳು ಅಲ್ಲಿಂದ ಒಳಹೊಕ್ಕು ಗ್ವಾಡ್ಯಾಗ ಬೀಡು ಬಿಡ್ತಾವ. ಗ್ವಾಡಿ ದಪ್ಪ ಆಗಿ, ಗಾಯದ ಕಲಿ ಕಟ್ಟಿ, ರಕ್ತ ಹರಿಯೂ ದಾರಿ ಸಣ್ಣದಾಗ್ತೈತಿ. ನಾಡಿ ಸಿಗಲಾರದ್ದು ಇದಕ್ಕ.

ಇಂಥಾ ದಾಳಿ ತಡಿಯಾಕಂತನ ಮೈಯಾಗ ನಿಯಂತ್ರಕ ಟಿ ಕೋಶಗಳು ಅದಾವ. ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ 1995ರಾಗ ಇವನ್ನ ತೋರಿಸಿಕೊಟ್ರು. ಇವನ್ನ ನಡಸೂ ಫಾಕ್ಸ್‌ಪಿ3 ಜೀನ್ 2001ರಾಗ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರ ಕೆಲಸದಿಂದ ಗೊತ್ತಾತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೇ ಬಂತು. ಟಕಯಾಸುದಾಗ ಈ ನಿಯಂತ್ರಕ ಕೋಶಗಳ ಕೈ ಸೋತಿರ್ತೈತಿ, ಉರಿಯೂತ ಎಬ್ಬಸೂ ಟಿಎಚ್1, ಟಿಎಚ್17 ಕೋಶಗಳು ಮ್ಯಾಲೆದ್ದಿರ್ತಾವ.

ನನಗ ಭಾಳ ಮಹತ್ವದ್ದು ಅನ್ನಸೂದು ಇಲ್ಲೈತಿ. ಎಳಿ ಟಿ ಕೋಶಕ್ಕ ಟಿಜಿಎಫ್-ಬೀಟಾ ಅನ್ನೂ ಸಂದೇಶದ ಪ್ರೋಟೀನ್ ಒಂದ ಸಿಕ್ರ ಅದು ನಿಯಂತ್ರಕ ಕೋಶ ಆಗಬಹುದು. ಅದರ ಜೋಡಿ ಐಎಲ್-6 ಅನ್ನೂ ಇನ್ನೊಂದು ಸಂದೇಶದ ಪ್ರೋಟೀನ್ ಸೇರಿದ್ರ ಅದ ಕೋಶ ಟಿಎಚ್17 ಕಡೆ ಹೊಳ್ಳತೈತಿ. ಗುಳಿಗಿ ಸಾಲದಿದ್ರ ಟೊಸಿಲಿಜುಮ್ಯಾಬ್ ಅಂತ ಇಂಜೆಕ್ಷನ್ ಕೊಡ್ತೀವಲ್ಲ, ಅದು ಈ ಐಎಲ್-6 ಸಂದೇಶವನ್ನ ತಡೀತೈತಿ. ಅದಕ್ಕೂ ಮೊದ್ಲ ಟಿಬಿ ಐತೇನು ಅಂತ ನೋಡೂದು ಖಡ್ಡಾಯ.

ಕಷಾಯ ಬ್ಯಾಡ್ರಿ. ಅಮೃತಬಳ್ಳಿ ಕುಡಿದವರಿಗೆ ಲಿವರ್ ಉರಿಯೂತ ಆದ ವರದಿ ಕೋವಿಡ್ ಟೈಮಿನಾಗ ನಮ್ಮ ದೇಶದಾಗ ಬಂದಾವ. ಮೆಥೋಟ್ರೆಕ್ಸೇಟಿಗೂ ಲಿವರ್ ಟೆಸ್ಟ್ ಮಾಡಿಸ್ಕೋತನ ಇರಬೇಕು, ಎರಡೂ ಕೂಡಿಸೂದು ಸರಿಯಲ್ಲ. ಮೆಥೋಟ್ರೆಕ್ಸೇಟ್ ವಾರಕ್ಕ ಒಂದ ದಿನ. ಆ ದಿನ ಕ್ಯಾಲೆಂಡರ್‌ ಮ್ಯಾಲೆ ಗುರ್ತು ಹಾಕ್ರಿ. ತಪ್ಪಿ ದಿನಾ ತಗೊಂಡ್ರ ರಕ್ತಕಣ ಕುಸೀತಾವ.

ಬಿಪಿ ಯಾವಾಗ್ಲೂ ಬಲಗೈಯಾಗ ನೋಡಸ್ರಿ, ಎಡಗೈ ಲೆಕ್ಕ ಸುಳ್ಳು ತೋರಸ್ತೈತಿ. ಈ ವಯಸ್ಸಿಗೆ 150 ಅಂದ್ರ ಕಿಡ್ನಿಗೆ ಹೋಗೂ ನಾಳ ಸಣ್ಣ ಆಗೇತೇನು ಅಂತ ಆಂಜಿಯೋಗ್ರಾಂ ರಿಪೋರ್ಟಿನಾಗ ಕೇಳಿ ತಿಳ್ಕೋರಿ.

ಪ್ರಶ್ನೆ (ಹಾವೇರಿಯಿಂದ, ಶಿಕ್ಷಕಿ):
ನನಗೂ ಇದ ಕಾಯಿಲೆ ರಿ ಮೇಡಂ. ಟೊಸಿಲಿಜುಮ್ಯಾಬ್ ಮ್ಯಾಲೆ ಇದ್ದೀನಿ. ಸಿಆರ್‌ಪಿ (ಉರಿಯೂತ ತೋರಸೂ ರಕ್ತದ ಟೆಸ್ಟ್) ಪೂರ್ತಿ ನಾರ್ಮಲ್ ಬಂದೈತಿ. ಗುಣ ಆದಂಗೇನ್ರಿ?

ಉತ್ತರ:
ಅಕ್ಕಾರ, ಅದೊಂದರ ಮ್ಯಾಲೆ ಹೇಳಾಕ ಬರೂದಿಲ್ಲ. ಲಿವರ್ ಸಿಆರ್‌ಪಿ ಮಾಡೂದು ಬಹುತೇಕ ಐಎಲ್-6 ಹೇಳಿದಾಗ. ಆ ಮಾತ ಔಷಧ ತಡೆದಿದ್ದಕ್ಕ ಸಿಆರ್‌ಪಿ ಇಳಿದಿರ್ತೈತಿ, ನಾಳದ ಗ್ವಾಡ್ಯಾಗ ಉರಿಯೂತ ಉಳಿದಿದ್ರೂ ಇರಬಹುದು. ಈ ಔಷಧ ಇಲ್ಲದವರಿಗೂ ಇಎಸ್‌ಆರ್, ಸಿಆರ್‌ಪಿ ಅನ್ನೂ ರಕ್ತದ ಟೆಸ್ಟ್ ಕೆಲವೊಮ್ಮೆ ಮೋಸ ಮಾಡ್ತಾವ. ಎರಡೂ ಕೈ ಬಿಪಿ, ಕುತ್ತಿಗಿ ನಾಳದ ಸಪ್ಪಳ, ಹೊಸ ಲಕ್ಷಣ, ಆಗಾಗ ಎಂಆರ್ ಆಂಜಿಯೋಗ್ರಾಂ ಎಲ್ಲಾ ಕೂಡಿಸಿ ನೋಡಬೇಕು. ಇನ್ನೊಂದ್ ಮಾತು: ಉರಿಯೂತ ತಣ್ಣಗಾದ್ರೂ ಕಟ್ಟಿದ ಕಲಿ ಕರಗೂದು ಕಡಿಮಿ. ನಾಡಿ ತಿರುಗಿ ಬರಲಿಲ್ಲಂತ ಔಷಧ ಸೋತಂಗಲ್ಲ.

ಪ್ರಶ್ನೆ (ನರಗುಂದ):
ಉಪಕಾರ ಆತ್ರಿ ಮೇಡಂ. ತಂಗಿ ಮದುವಿ ಮಾತು ನಡೆದಿತ್ತು. ನಿಲ್ಲಸಬೇಕೇನ್ರಿ?

ಉತ್ತರ:
ಯಾಕ್ ನಿಲ್ಲಸ್ತೀರಿ? ಈ ಕಾಯಿಲಿ ಇದ್ದ ಎಷ್ಟೋ ಹೆಣ್ಣುಮಕ್ಕಳು ತಾಯಿ ಆಗ್ಯಾರ. ಗಂಡಿನ ಮನಿಯವರಿಗೆ ಮುಚ್ಚಿಡದ ಹೇಳ್ರಿ. ಮೆಥೋಟ್ರೆಕ್ಸೇಟ್ ಗರ್ಭಕ್ಕ ಕೆಟ್ಟದ್ದು, ಅದು ನಡದಾಗ ಬಸಿರು ನಿಲ್ಲಬಾರದು. ಮಕ್ಕಳು ಬೇಕಂದಾಗ ಸಾಮಾನ್ಯವಾಗಿ 3 ತಿಂಗಳು ಮೊದ್ಲ ಅದನ್ನ ಬಿಡಿಸಿ, ಅಜಥಯೋಪ್ರಿನ್‌ನಂಥ ಬ್ಯಾರೆ ಔಷಧಕ್ಕ ಬದಲಸ್ತೀವಿ. ರೋಗ ಒಂದಷ್ಟು ತಿಂಗಳು ಶಾಂತ ಇದ್ದು, ಬಿಪಿ ಹಿಡಿತದಾಗ ಇದ್ದಾಗ ಬಸಿರಾದ್ರ ಒಳ್ಳೇದು. ಮುಂದಿನ ಸಲ ತೋರಸಾಕ ಬಂದಾಗ ತಂಗೀನ್ನೇ ಈ ಮಾತು ಕೇಳಾಕ ಹೇಳ್ರಿ.