ಪದಚರ್ಚೆ: ಕಿವಿಯ ಜಾಗಕ್ಕೆ ಕಣ್ಣು ಬಂದರೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಾಲ್ಕು ದಿನದಿಂದ ಒಂದು ಪದಕ್ಕಾಗಿ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮಂಡ್ಯದಲ್ಲಿ ಕಿವಿ ಕೇಳದ ಮಕ್ಕಳ ಅಪ್ಪ ಅಮ್ಮಂದಿರಿಗೆ ಹಂಚಲು ನಾಲ್ಕು ಪುಟದ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹುಟ್ಟಿನಿಂದ ಕಿವಿ ಕೇಳದವರ ಮಿದುಳು ತನ್ನ ಕೆಲಸಗಳನ್ನು ಹೇಗೆ ಬೇರೆ ಥರ ಹಂಚಿಕೊಳ್ಳುತ್ತದೆ ಅನ್ನುವುದು ವಿಷಯ. ಹಿಂದೆ ಯಾರೋ ಮಾಡಿಟ್ಟ ಅರ್ಧ ಅನುವಾದ ಕೈಗೆ ಬಂತು. ಅದರಲ್ಲಿ ‘ಶ್ರವಣ ತೊಗಟೆಯ ಅಂತರಸಂವೇದನಾ ಸ್ಥಿತಿಸ್ಥಾಪಕತೆ’ ಅಂತಿದೆ. ಇಂಗ್ಲಿಷಿನ ‘ಕ್ರಾಸ್-ಮೋಡಲ್ ಪ್ಲಾಸ್ಟಿಸಿಟಿ’ಗೆ ಹಾಕಿದ ಪದ ಇದು. ನನ್ನ ಹೆಂಡತಿಗೆ ಓದಿ ಹೇಳಿದೆ. ‘ಇದು ಕಾಯಿಲೆಯಾ, ಔಷಧಿಯಾ?’ ಅಂದಳು.

ಶ್ರವಣ ಹೇಗೋ ನಡೆಯುತ್ತದೆ. ಆದರೂ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ಇಲ್ಲೇ ಇದ್ದರೂ, ಆಟೋ ಹತ್ತಿದವರು ಹೇಳುವುದು ‘ಸ್ಪೀಚ್ ಅಂಡ್ ಹಿಯರಿಂಗ್’ ಅಂತಲೇ. ಮಿದುಳಿನ ಹೊರಪದರವಾದ ಕಾರ್ಟೆಕ್ಸಿಗೆ ‘ತೊಗಟೆ’ ಅನ್ನುವುದು ನನಗೆ ಇಷ್ಟ. ಲ್ಯಾಟಿನ್ನಿನ ಕಾರ್ಟೆಕ್ಸ್ ಅಂದರೂ ಮರದ ತೊಗಟೆಯೇ.

ತಕರಾರು ಇರುವುದು ಸ್ಥಿತಿಸ್ಥಾಪಕತೆಯ ಮೇಲೆ. ಶಾಲೆಯ ವಿಜ್ಞಾನದಲ್ಲಿ ಇದು ಎಲಾಸ್ಟಿಸಿಟಿಗೆ ಇರುವ ಪದ. ಎಳೆದು ಬಿಟ್ಟರೆ ಮೊದಲಿದ್ದ ಹಾಗೇ ಆಗುವ ರಬ್ಬರ್ ಬ್ಯಾಂಡಿನ ಗುಣ. ನಮಗೆ ಬೇಕಾಗಿರುವುದು ಪ್ಲಾಸ್ಟಿಸಿಟಿ. ಬಿಸಿ ಮುದ್ದೆಗೆ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತದಲ್ವಾ, ಆ ಗುಣ. ಅಂದರೆ ಅರ್ಥ ಪೂರ್ತಿ ಉಲ್ಟಾ ಆಗಿದೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ನರಮಂಡಲದ ಬಗ್ಗೆ ಈ ಪದವನ್ನು 1890ರಲ್ಲೇ ಬಳಸಿದ್ದರು. ಆಗ ಅದಕ್ಕೂ ನಮ್ಮ ಬಚ್ಚಲುಮನೆಯ ಬಕೆಟ್ಟಿಗೂ ಸಂಬಂಧವೇ ಇರಲಿಲ್ಲ. ಮೂಲ ಗ್ರೀಕಿನಲ್ಲಿ ತಿದ್ದಿ ತೀಡಿ ರೂಪ ಕೊಡಬಹುದಾದದ್ದು ಅಂತ ಅರ್ಥ.

‘ನಮ್ಯತೆ’ ಪರವಾಗಿಲ್ಲ. ಆದರೆ ಬಿದಿರೂ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ನನ್ನ ಮನಸ್ಸು ‘ಒಗ್ಗು’ ಕಡೆಗಿದೆ. ‘ಈ ಊರಿನ ನೀರು ನನಗೆ ಒಗ್ಗಿತು’ ಅಂದರೆ ಮೈಯೇ ಬದಲಾಗಿದೆ ಅಂತ ತಾನೇ? ಮಿದುಳಿನ ‘ಒಗ್ಗುಗುಣ’ ಅಂದರೆ ಹಳ್ಳಿಯ ತಾಯಿಗೂ ಗೊತ್ತಾಗುತ್ತದೆ. ಬರೀ ಅಭ್ಯಾಸ ಅನ್ನುವ ಅರ್ಥ ಬಂದುಬಿಡುತ್ತದಾ ಅನ್ನುವುದೊಂದೇ ಅಳುಕು.

ಇನ್ನೊಂದು ಪದ, ಆ ‘ಅಂತರಸಂವೇದನಾ’, ಇದಕ್ಕಿಂತ ಕಷ್ಟ. ಶಬ್ದವನ್ನು ಗ್ರಹಿಸುವ ಮಿದುಳಿನ ಭಾಗಕ್ಕೆ ಶಬ್ದವೇ ಬರದಿದ್ದರೆ ಅದು ಸುಮ್ನೆ ಕೂರುವುದಿಲ್ಲ. ಕಣ್ಣಿನ, ಸ್ಪರ್ಶದ ಕೆಲಸಕ್ಕೆ ತೊಡಗುತ್ತದೆ. ಇದಕ್ಕೇನು ಹೆಸರು?

ಮದ್ದೂರಿನಲ್ಲಿ ನಮ್ಮ ದೊಡ್ಡಪ್ಪನ ಮಗ ಟೈಲರ್. ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳದು. ಹೋದ ವಾರ ಅವನ ಅಂಗಡಿಯಲ್ಲಿ ಕೂತಿದ್ದೆ. ಅವನು ಬಗ್ಗಿ ಕಾಲರ್ ಹೊಲಿಯುತ್ತಿದ್ದ. ಬಾಗಿಲ ಬದಿಗೆ ಯಾರೋ ಬಂದು ನಿಂತರು. ಅವರ ಚಪ್ಪಲಿ ಸದ್ದು ನನಗೆ ಕೇಳಿಸುವ ಮೊದಲೇ ಅವನು ತಲೆ ಎತ್ತಿ ‘ಕೂತ್ಕೊಳಿ’ ಅಂತ ಕೈ ತೋರಿಸಿಯಾಗಿತ್ತು. ಹಾಗಂತ ಅವನ ಕಣ್ಣೇನೂ ಹದ್ದಿನ ಕಣ್ಣಲ್ಲ. ಸೂಜಿಗೆ ದಾರ ಪೋಣಿಸಲು ಚಾಳೀಸು ಬೇಕೇ ಬೇಕು.

ಸಂಶೋಧನೆಯಲ್ಲೂ ಇದೇ ಇದೆ. ಹುಟ್ಟಿನಿಂದ ಕಿವಿ ಕೇಳದವರು ನೋಟದ ಅಂಚಿನಲ್ಲಿ ಆಗುವ ಅಲುಗಾಟವನ್ನು ಚೆನ್ನಾಗಿ ಹಿಡಿಯುತ್ತಾರೆ ಅಂತ ಮಿದುಳು ಸಂಶೋಧಕಿ ಹೆಲೆನ್ ನೆವಿಲ್ 1980ರ ದಶಕದಲ್ಲೇ ತೋರಿಸಿದ್ದರು. ಕಣ್ಣಿನ ಡಾಕ್ಟರ ಪಟ್ಟಿಯ ಅಕ್ಷರ ಗುರುತಿಸುವ ಚುರುಕು ಮಾತ್ರ ಎಲ್ಲರಷ್ಟೇ. 2010ರಲ್ಲಿ ಸ್ಟೀಫನ್ ಲೋಂಬರ್ ಮತ್ತು ಜೊತೆಗಾರರು ಹುಟ್ಟು ಕಿವುಡು ಬೆಕ್ಕುಗಳಲ್ಲಿ ಇನ್ನೂ ಸೋಜಿಗದ ಸಂಗತಿ ಕಂಡರು. ಕೇಳುವ ಬೆಕ್ಕಿನಲ್ಲಿ ‘ಸದ್ದು ಎಲ್ಲಿಂದ ಬಂತು’ ಅಂತ ಪತ್ತೆ ಹಚ್ಚುವ ತೊಗಟೆಯ ತುಣುಕೊಂದಿದೆ. ಕಿವುಡು ಬೆಕ್ಕಿನಲ್ಲಿ ಅದೇ ತುಣುಕು, ಅಂಚಿನಲ್ಲಿ ಕಂಡ ಬೆಳಕು ಎಲ್ಲಿದೆ ಅಂತ ಹೇಳುತ್ತಿತ್ತು, ಅದೂ ಕೇಳುವ ಬೆಕ್ಕಿಗಿಂತ ಚೆನ್ನಾಗಿ. ಆ ತುಣುಕನ್ನು ಸ್ವಲ್ಪ ಹೊತ್ತು ತಣ್ಣಗೆ ಮಾಡಿ ಕೆಲಸ ನಿಲ್ಲಿಸಿದರೆ, ಬೆಕ್ಕಿನ ಆ ಹೆಚ್ಚುಗಾರಿಕೆಯೂ ಹೋಯಿತು. ಅಂದರೆ ‘ಎಲ್ಲಿ’ ಅನ್ನುವ ಕೆಲಸ ಬದಲಾಗಿಲ್ಲ. ಸುದ್ದಿ ತರುವವರು ಬದಲಾದರು, ಅಷ್ಟೆ.

ಇದನ್ನು ಮಂಡ್ಯದ ಕಡೆಯವರಿಗೆ ಹೇಳುವುದು ಸುಲಭ ಅನ್ನಿಸಿತು. ನಾಲೆ ನೀರು ಬಾರದ ಗದ್ದೆಗೆ ಪಕ್ಕದ ಬೋರಿಂದ ನೀರು ಕಟ್ಟಿದ ಹಾಗೆ. ಗದ್ದೆ ಅದೇ, ಭತ್ತವೂ ಅದೇ, ನೀರು ಮಾತ್ರ ಬೇರೆ ಕಡೆಯದು. ನನ್ನ ಕರಡಿನಲ್ಲಿ ಸದ್ಯಕ್ಕೆ ‘ನೀರು ತಿರುಗಿಸಿದಂತೆ’ ಅಂತ ಬರೆದಿದ್ದೇನೆ. ಇದನ್ನೇ ಒಂದು ಗಟ್ಟಿ ಪದ ಮಾಡಲು ಬರುತ್ತಾ?

ಗೆಳೆಯರೊಬ್ಬರು ‘ಒತ್ತುವರಿ’ ಅಂದರು. ಕೇಳಲು ಮಜವಾಗಿದೆ, ಆದರೆ ನನಗೆ ಬೇಡ. ಒತ್ತುವರಿ ಅಂದ ಕೂಡಲೇ ತಹಸೀಲ್ದಾರರು ಬಂದು ತೆರವು ಮಾಡಿಸಬೇಕು ಅನ್ನಿಸುತ್ತದೆ. ಕಾಕ್ಲಿಯರ್ ಇಂಪ್ಲಾಂಟನ್ನು (ಆಪರೇಷನ್ ಮಾಡಿ ಕೂರಿಸುವ, ಸದ್ದನ್ನು ಕಿವಿಯ ನರಕ್ಕೆ ಮುಟ್ಟಿಸುವ ಸಾಧನ) ಆದಷ್ಟು ಚಿಕ್ಕ ವಯಸ್ಸಿನಲ್ಲಿ ಹಾಕಿದರೆ ಒಳ್ಳೆಯದು ಅನ್ನುವುದು ನಿಜ. ಆದರೆ ಸನ್ನೆ ಕಲಿತರೆ ಕಿವಿಯ ಜಾಗ ಕಣ್ಣಿನ ಪಾಲಾಗಿಬಿಡುತ್ತದೆ ಅನ್ನುವ ಭಯಕ್ಕೆ, ಮಗು ಕೈಸನ್ನೆ ಮಾಡುವುದನ್ನೇ ಕಳ್ಳತನದ ಹಾಗೆ ನೋಡುವ ಅಪ್ಪ ಅಮ್ಮಂದಿರನ್ನು ನಾನು ಕಂಡಿದ್ದೇನೆ. ಸನ್ನೆ ಭಾಷೆಯೂ ನಮ್ಮ ಮಾತಿನ ಹಾಗೆ ಹೆಚ್ಚಾಗಿ ಮಿದುಳಿನ ಎಡಭಾಗದ ಭಾಷೆಯ ಜಾಗಗಳಲ್ಲೇ ನಡೆಯುತ್ತದೆ. ಆ ಜಾಗಗಳಿಗೆ ಬೇಕಾದ್ದು ಭಾಷೆ. ಅದು ಬಾಯಿಂದ ಬಂತೋ ಕೈಯಿಂದ ಬಂತೋ ಅನ್ನುವುದು ಆಮೇಲಿನ ಮಾತು.

ಅಣ್ಣನನ್ನೂ ಕೇಳಿದೆ, ಬರೆದು ತೋರಿಸಿ. ಓದಿ ನಕ್ಕ. ಕಿವಿ ಮುಟ್ಟಿ ‘ಇಲ್ಲ’ ಅಂತ ಕೈ ಆಡಿಸಿದ. ಪಕ್ಕದ ಖಾಲಿ ಸ್ಟೂಲನ್ನು ತಟ್ಟಿದ. ಆಮೇಲೆ ಕಣ್ಣು ತೋರಿಸಿ, ಎರಡು ಬೆರಳನ್ನು ಆ ಸ್ಟೂಲಿನ ಮೇಲೆ ಕೂರಿಸಿದ.

ಅವನು ತೋರಿಸಿದ್ದಕ್ಕೆ ಕನ್ನಡದಲ್ಲಿ ಏನನ್ನಬಹುದು? ‘ಜಾಗ ತುಂಬುವುದು’? ‘ಬದಲಿ ಕೂರುವುದು’? ನಿಮ್ಮೂರ ಕಡೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ಶನಿವಾರ ಪ್ರೆಸ್ಸಿಗೆ ಕೊಡಬೇಕು.

ಸರಸ್ವತಿಪುರಂ, ಮೈಸೂರು