ಸಮುರಾಯಿ ಅಂದರೆ ಯೋಧನೋ, ಕ್ಷತ್ರಿಯನೋ, ಬಂಟನೋ?

ಗೆಳೆಯರೇ,

ಜಪಾನಿನ ಸಮುರಾಯಿಗಳ ಚರಿತ್ರೆಯನ್ನು ಓದುವುದು, ಓದಿದ್ದನ್ನು ಶಾಲೆ, ಗ್ರಂಥಾಲಯಗಳಲ್ಲಿ ಕನ್ನಡದಲ್ಲಿ ಹೇಳುವುದು ನನಗೆ ಇಷ್ಟದ ಕೆಲಸ. ಚಿತ್ರ ತೋರಿಸುತ್ತೇನೆ, ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಬರೆಯುತ್ತೇನೆ. ಆ ಎರಡು ಸಾಲಿನಲ್ಲೇ ತೊಡಕು. ‘ಸಮುರಾಯಿ’ ಅಂತ ಬರೆದ ಕೂಡಲೇ ಪಕ್ಕದಲ್ಲಿ ಅರ್ಥ ಹೇಳುವ ಕನ್ನಡ ಪದವೊಂದನ್ನು ಇಡಬೇಕಾಗುತ್ತದೆ. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಯೋಧ’. ಕೆಲವರು ‘ಜಪಾನಿನ ಕ್ಷತ್ರಿಯರು’ ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುತ್ತೇನೆ, ನಿಮ್ಮ ಅಭಿಪ್ರಾಯ ಬೇಕು.

ಮೊದಲು ‘ಕ್ಷತ್ರಿಯ’. ಟೊಕುಗಾವಾ ಕಾಲದಲ್ಲಿ, ಅಂದರೆ ಟೊಕುಗಾವಾ ಮನೆತನದ ಶೋಗನ್‌ಗಳು (ಸೇನಾಧಿಪತಿಗಳು) ಜಪಾನನ್ನು ಆಳಿದ 1603ರಿಂದ 1868ರವರೆಗಿನ ಕಾಲದಲ್ಲಿ, ಸಮಾಜವನ್ನು ಸಮುರಾಯಿ, ರೈತ, ಕುಶಲಕರ್ಮಿ, ವ್ಯಾಪಾರಿ ಅಂತ ನಾಲ್ಕಾಗಿ ಹೇಳುವ ರೂಢಿ ಇತ್ತು. ನಾಲ್ಕು ಅಂದ ತಕ್ಷಣ ನಮ್ಮ ತಲೆಯಲ್ಲಿ ವರ್ಣದ ಚೌಕಟ್ಟು ಬಂದು ಕೂರುತ್ತದೆ. ಆದರೆ ಅಲ್ಲಿ ಪುರೋಹಿತರೂ ಅರಮನೆಯ ಕುಲೀನರೂ ಈ ನಾಲ್ಕರ ಹೊರಗೇ ಇದ್ದರು. ಈ ನಾಲ್ಕು ಮೆಟ್ಟಿಲಿನ ಚಿತ್ರ ಹೆಚ್ಚಾಗಿ ಪುಸ್ತಕದ ಮಾತು ಅಂತ ಇತಿಹಾಸಕಾರರು ತೋರಿಸಿದ ಮೇಲೆ ಜಪಾನಿನ ಪಠ್ಯಪುಸ್ತಕಗಳೇ ಅದನ್ನು ಕೈಬಿಟ್ಟಿವೆ. ಇನ್ನು ಹುಟ್ಟಿನ ವಿಷಯ. ದೇಶವನ್ನೇ ಒಂದು ಮಾಡಿದ ಟೊಯೊಟೊಮಿ ಹಿಡೆಯೋಶಿ ಹುಟ್ಟಿದ್ದು ಬಡ ಹಳ್ಳಿಯ ಮನೆಯಲ್ಲಿ. ಅವನೇ 1588ರಲ್ಲಿ ರೈತರ ಕೈಯಿಂದ ಕತ್ತಿ ಕಿತ್ತುಕೊಂಡ, 1591ರಲ್ಲಿ ಸೈನಿಕ ಬೇರೆ, ರೈತ ಬೇರೆ ಎಂದು ಗೆರೆ ಎಳೆದ. ಗೆರೆ ಎಳೆದ ಮೇಲೂ ದತ್ತು ಹೋಗಿ ಸಮುರಾಯಿ ಆದವರಿದ್ದರು, ದುಡ್ಡು ಕೊಟ್ಟು ಆ ಅಂತಸ್ತು ಕೊಂಡವರೂ ಇದ್ದರು. ಜಪಾನಿನಲ್ಲಿ ಇಂದಿಗೂ ಮನೆಮಾತಾಗಿರುವ ಸಕಾಮೊಟೊ ರ‍್ಯೋಮಾನ ಮನೆತನ ಹಾಗೆ ಮೇಲೆ ಬಂದ ವ್ಯಾಪಾರಿ ಮನೆತನವೇ. ಕೊಂಡು ಪಡೆಯಬಹುದಾದ ಅಂತಸ್ತಿಗೆ ‘ಕ್ಷತ್ರಿಯ’ ಎಂಬ ಹೆಸರು ಇಟ್ಟರೆ ಕೇಳುವವರಿಗೆ ತಪ್ಪು ದಾರಿ ತೋರಿಸಿದ ಹಾಗೆ.

‘ಯೋಧ’ ಅಷ್ಟು ದೊಡ್ಡ ತಪ್ಪಲ್ಲ. ಆದರೆ ಅದು ಜಪಾನಿಯ ಇನ್ನೊಂದು ಪದಕ್ಕೆ, ‘ಬುಶಿ’ಗೆ, ಸರಿಹೊಂದುತ್ತದೆ. ‘ಬುಶಿ’ ಅಂದರೆ ಆಯುಧ ಹಿಡಿದವನು. ‘ಸಮುರಾಯಿ’ಯ ಬೇರು ಬೇರೆಯೇ. ‘ಸಬುರಾವು’ ಎಂಬ ಹಳೆಯ ಕ್ರಿಯಾಪದದಿಂದ ಬಂದದ್ದು ಅದು. ದೊಡ್ಡವರ ಬಳಿ ಕಾದು ನಿಲ್ಲುವುದು, ಸೇವೆಗೆ ಸಿದ್ಧನಿರುವುದು ಅಂತ ಅರ್ಥ. ಕ್ಯೋಟೊದ ಕುಲೀನರ ಮನೆ ಕಾಯುತ್ತ, ಹೇಳಿದ ಕೆಲಸ ಮಾಡುತ್ತ ಇದ್ದವರನ್ನು ಮೊದಲು ಹೀಗೆ ಕರೆದರು. ನಿಘಂಟು ಪ್ರಿಯರಿಗೆ ಒಂದು ಸ್ವಾರಸ್ಯದ ಸಂಗತಿ: ಜೆಸ್ಯೂಟ್ ಪಾದ್ರಿಗಳು 1603ರಲ್ಲಿ ನಾಗಸಾಕಿಯಲ್ಲಿ ಜಪಾನಿ–ಪೋರ್ಚುಗೀಸ್ ನಿಘಂಟೊಂದನ್ನು ಅಚ್ಚು ಹಾಕಿಸಿದರು. ಅದರಲ್ಲಿ ‘ಬುಶಿ’ಗೆ ಸೈನಿಕ ಎಂಬ ಅರ್ಥವಿದೆ. ‘ಸಬುರಾಯಿ’ಗೆ ಮಾತ್ರ ಕುಲೀನ, ಮರ್ಯಾದಸ್ಥ ಎಂದಿದೆ. ಅಂದರೆ ಆ ಹೊತ್ತಿಗೆ ಸೇವಕ ಎಂಬ ಪದ ಮೇಲೇರಿ ಗೌರವದ ಪದವಾಗಿತ್ತು. ಅದು ಕತ್ತಿಗಿಂತ ಹೆಚ್ಚಾಗಿ ಸ್ಥಾನವನ್ನು ಹೇಳುತ್ತಿತ್ತು.

ಈ ಕಾದು ನಿಲ್ಲುವ ಅರ್ಥಕ್ಕೆ ಹಳಗನ್ನಡದಲ್ಲಿ ಹೇಳಿ ಮಾಡಿಸಿದಂಥ ಪದ ಇದೆ, ‘ಓಲಗ’. ಓಲಗಿಸು ಅಂದರೆ ಒಡೆಯನ ಸೇವೆಯಲ್ಲಿರುವುದು, ಅವನ ಸಭೆಯಲ್ಲಿ ಹಾಜರಿರುವುದು. ಅರ್ಥ ಇದಕ್ಕಿಂತ ಹತ್ತಿರ ಬರುವುದಿಲ್ಲ. ಆದರೆ ಇವತ್ತು ‘ಓಲಗದವರು’ ಅಂದರೆ ಜನ ಮದುವೆ ಮನೆಯ ವಾದ್ಯದವರನ್ನೇ ನೆನೆಯುತ್ತಾರೆ. ‘ಓಲೈಸು’ ಅಂದರಂತೂ ವೋಟಿಗಾಗಿ ಮಾಡುವ ಓಲೈಕೆಯೇ ಕಿವಿಗೆ ಬೀಳುತ್ತದೆ. ಹಾಗಾಗಿ ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಬಿಟ್ಟಿದ್ದೇನೆ.

‘ಆಳು’ ಕೂಡ ಹಾಗೇ. ಹಿಂದೆ ಅದು ಸೇವಕನೂ ಹೌದು, ಸೈನಿಕನೂ ಹೌದು. ಈಗ ಕೂಲಿಯಾಳು ಮಾತ್ರ ಉಳಿದಿದ್ದಾನೆ. ಆದರೆ ‘ಕಾಲಾಳು’ ಇನ್ನೂ ಸೈನಿಕನಾಗಿಯೇ ಇದ್ದಾನೆ. ಜಪಾನಿಯ ‘ಅಶಿಗರು’ಗೆ ಅದನ್ನೇ ಬಳಸುತ್ತಿದ್ದೇನೆ. ‘ಅಶಿ’ ಅಂದರೆ ಕಾಲು, ಒಟ್ಟು ಅರ್ಥ ಹಗುರ ಕಾಲಿನವನು. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ ಅನ್ನಿಸುತ್ತದೆ.

ಉಳಿದದ್ದು ‘ಬಂಟ’. ಹನುಮಂತ ರಾಮನ ಬಂಟ ಅಂದಾಗ ಸೇವಕ, ವೀರ ಎರಡೂ ಒಟ್ಟಿಗೇ ಕೇಳಿಸುತ್ತವೆ, ಮಾನವೂ ಇದೆ. ಕರಾವಳಿಯಲ್ಲಿ ಅದು ಸಮುದಾಯದ ಹೆಸರು, ಆ ಗೊಂದಲ ಇದ್ದೇ ಇದೆ. ಅದಕ್ಕೇ ನಾನು ‘ಊಳಿಗದ ಬಂಟ’ ಅಂತ ಜೋಡಿಸಿ ನೋಡುತ್ತಿದ್ದೇನೆ. ‘ಊಳಿಗಮಾನ್ಯ’ ಅಂತ ಶಾಲೆಯಲ್ಲಿ ಓದಿದ್ದರಿಂದ ಊಳಿಗ ಮಕ್ಕಳಿಗೂ ಹೊಸದಲ್ಲ. ಅದರ ‘ಮಾನ್ಯ’ದ, ಅಂದರೆ ಸೇವೆಗಾಗಿ ಬಿಟ್ಟುಕೊಟ್ಟ ಜಮೀನಿನ, ಭಾಗ ಮಾತ್ರ ಟೊಕುಗಾವಾ ಕಾಲಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಆ ಕಾಲದ ಬಹುಪಾಲು ಸಮುರಾಯಿಗಳಿಗೆ ಜಮೀನೇ ಇರಲಿಲ್ಲ. ಒಡೆಯನ ಕಣಜದಿಂದ ಅಕ್ಕಿ ಸಂಬಳ ಬರುತ್ತಿತ್ತು ಅಷ್ಟೇ. ಊಳಿಗ ಇತ್ತು, ಮಾನ್ಯ ಇರಲಿಲ್ಲ.

ಪದ ಸರಿಯೋ ಇಲ್ಲವೋ ಅಂತ ನೋಡಲು ನಿಜವಾದ ಒಂದು ಮನೆಯ ಮೇಲೆ ಅದನ್ನು ಇಟ್ಟು ನೋಡಬೇಕು. ನನಗೆ ತುಂಬಾ ಇಷ್ಟವಾದ ಮನೆ ಕಾನಜಾವಾದ ಇನೊಯಾಮಾ ಅವರದು. ಕಾಗಾ ಸೀಮೆಯ ಒಡೆಯರು ಹತ್ತು ಲಕ್ಷ ಕೊಕು (ಕೊಕು ಅಂದರೆ ಅಕ್ಕಿ ಅಳೆಯುವ ಅಳತೆ) ಅಕ್ಕಿಯ ಸೀಮೆಯವರು ಅಂತಲೇ ಹೆಸರಾದವರು. ಇನೊಯಾಮಾದವರು ಅವರ ಬಳಿ ಲೆಕ್ಕ ಬರೆಯುವ ಸಮುರಾಯಿಗಳು. 1842ರಿಂದ 1879ರವರೆಗೆ ಇವರು ತಮ್ಮ ಮನೆಯ ಖರ್ಚನ್ನೂ ಬರೆದಿಟ್ಟರು. ಆ ಕಡತಗಳು ಟೋಕಿಯೊದ ಕಾಂಡಾ ಪ್ರದೇಶದ ಹಳೇ ಪುಸ್ತಕದಂಗಡಿಯಲ್ಲಿ ಇತಿಹಾಸಕಾರ ಇಸೋಡಾ ಮಿಚಿಫುಮಿ ಅವರ ಕೈಗೆ ಸಿಕ್ಕವು. ಬರೆಯಲು ಶುರು ಮಾಡಿದ ವರ್ಷ ಮನೆಯ ಸಾಲ ವರ್ಷದ ವರಮಾನದ ಎರಡರಷ್ಟಿತ್ತು. ಬಟ್ಟೆಬರೆ, ಚಹಾ ಸಾಮಾನು ಮಾರಿ ಸಾಲ ಇಳಿಸಿದರು. ಮಗುವಿನ ಶುಭಕಾರ್ಯಕ್ಕೆ ತಾಯ್ ಎಂಬ ಕೆಂಪು ಮೀನು ಇಡಲೇಬೇಕು. ಕೊಳ್ಳಲು ದುಡ್ಡಿಲ್ಲ. ಮೀನಿನ ಚಿತ್ರ ಬರೆದು ಇಟ್ಟರು. ಹಾಗಂತ ನೆಂಟರಿಗೆ ಕೊಡುವ ಉಡುಗೊರೆ, ಆಳುಕಾಳು, ಮರ್ಯಾದೆಯ ಖರ್ಚುಗಳನ್ನು ಬಿಡುವ ಹಾಗಿರಲಿಲ್ಲ. ಸಮುರಾಯಿ ಅನ್ನಿಸಿಕೊಳ್ಳುವುದಕ್ಕೇ ಅಷ್ಟು ಖರ್ಚು. ಶೋಗನ್ ಆಡಳಿತ ಹೋದ ಮೇಲೆ ಈ ಮನೆಯ ಮಗ ಅದೇ ಲೆಕ್ಕದ ಬಲದಿಂದ ಹೊಸ ಸರ್ಕಾರದ ನೌಕಾಪಡೆಯಲ್ಲಿ ಕೆಲಸಕ್ಕೆ ಸೇರಿದ. ಇಸೋಡಾ ಇದನ್ನು 2003ರಲ್ಲಿ ಸಾಮಾನ್ಯ ಓದುಗರಿಗಾಗಿ ಸಣ್ಣ ಪುಸ್ತಕ ಮಾಡಿದರು. ಜನ ಮುಗಿಬಿದ್ದು ಓದಿದರು, 2010ರಲ್ಲಿ ಸಿನಿಮಾನೂ ಆಯಿತು. ಚರಿತ್ರೆಯನ್ನು ಜನರ ಹತ್ತಿರ ತರುವುದು ಅಂದರೆ ಇದು.

ಈಗ ಹೇಳಿ, ಮಣಿಚೌಕಟ್ಟಿನ ಮುಂದೆ ಕುಳಿತ ಈ ಮನುಷ್ಯನ ಚಿತ್ರದ ಕೆಳಗೆ ‘ಯೋಧ’ ಅಂತ ಹೇಗೆ ಬರೆಯುವುದು? ಸೊಂಟದಲ್ಲಿ ಎರಡು ಕತ್ತಿ ಇವೆ ನಿಜ. ಕೆಲಸ ಮಾತ್ರ ಕರಣಿಕನದು. ‘ಊಳಿಗದ ಬಂಟ’ ಅಂದರೆ ಕತ್ತಿಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

ಯಾಸುಕೆ ವಿಷಯದಲ್ಲೂ ಇದು ನೆರವಾಗುತ್ತದೆ. 1581ರಲ್ಲಿ ಆಗಿನ ಪ್ರಬಲ ಸೇನಾನಾಯಕ ಒಡಾ ನೊಬುನಾಗನ ಬಳಿ ಸೇರಿದ ಆಫ್ರಿಕಾದ ಆ ವ್ಯಕ್ತಿ ನಿಜಕ್ಕೂ ಸಮುರಾಯಿಯೇ ಅಂತ ಈಚೆಗೆ ದೊಡ್ಡ ಜಗಳವೇ ನಡೆಯಿತು, ಅಲ್ವಾ? ಒಡೆಯ ಅವನಿಗೆ ಮನೆ, ಸಂಬಳ, ಕಿರುಗತ್ತಿ ಕೊಟ್ಟ ದಾಖಲೆ ಇದೆ. ಅವನು ಒಡೆಯನ ಜೊತೆಗೇ ಇದ್ದ. ಯೋಧ ಹೌದೋ ಅಲ್ಲವೋ, ಕ್ಷತ್ರಿಯ ಹೌದೋ ಅಲ್ಲವೋ ಅಂತ ಕೇಳಿದರೆ ಜಗಳ ಮುಗಿಯುವುದಿಲ್ಲ. ಊಳಿಗದ ಬಂಟನೇ ಅಂತ ಕೇಳಿ ನೋಡಿ. ಹೌದು ಅನ್ನಲು ತಡವಾಗುವುದಿಲ್ಲ.

ಇನ್ನೊಂದು ಮಾತು, ಇದು ನನಗೆ ಹೆಚ್ಚು ಮುಖ್ಯ. ಸಮುರಾಯಿ ಅಂದರೆ ‘ಸ್ವಾಮಿನಿಷ್ಠೆ’ ಅಂತ ಬರೆದುಬಿಡುತ್ತೇವೆ. ನಿಷ್ಠೆ ಒಂದೇ ಕಡೆಯಿಂದ ಹರಿಯುವುದು. ಜಪಾನಿಯಲ್ಲಿ ‘ಗೊಒನ್’, ‘ಹೋಕೋ’ ಅಂತ ಜೋಡಿ ಪದ ಇದೆ. ಒಡೆಯ ಕೊಟ್ಟದ್ದು ಗೊಒನ್, ಅದಕ್ಕೆ ಬಂಟ ಮಾಡುವ ಸೇವೆ ಹೋಕೋ. 1274ರಲ್ಲಿ ಮಂಗೋಲರು ದಂಡೆತ್ತಿ ಬಂದಾಗ ಹೋರಾಡಿದ ತಾಕೆಜಾಕಿ ಸುಎನಾಗಾ ಎಂಬ ಸಮುರಾಯಿಯನ್ನೇ ನೋಡಿ. ಹೋರಾಡಿದ, ಬಹುಮಾನ ಬರಲಿಲ್ಲ. ಮರುವರ್ಷ ಕುದುರೆ, ಜೀನು ಮಾರಿ ದಾರಿ ಖರ್ಚು ಹೊಂದಿಸಿಕೊಂಡು ಕ್ಯೂಶು ದ್ವೀಪದಿಂದ ಆಗಿನ ಶೋಗನ್ ಸರ್ಕಾರದ ನೆಲೆಯಾದ ಕಾಮಾಕುರಾದವರೆಗೆ ಹೋದ. ಅಧಿಕಾರಿಯ ಎದುರು ಕುಳಿತು ತನ್ನ ಪಾಲು ಕೇಳಿದ, ಪಡೆದುಕೊಂಡೂ ಬಂದ. ಆಮೇಲೆ ಇದನ್ನೆಲ್ಲ ಚಿತ್ರಸುರುಳಿಯಾಗಿ ಬರೆಸಿಟ್ಟ. ಆ ಸುರುಳಿ ಇಂದಿಗೂ ಇದೆ. ಅದರಲ್ಲಿ ಯುದ್ಧದ ಜೊತೆಗೆ ಈ ಬಹುಮಾನ ಕೇಳುವ ಪ್ರಸಂಗವೂ ಇದೆ. ಅವನಿಗೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಕಾಣಲಿಲ್ಲ.

ಇದಕ್ಕೆ ನಮ್ಮ ಶಾಸನಗಳ ‘ಜೋಳವಾಳಿ’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಉಂಡ ಜೋಳದ ಋಣ ತೀರಿಸಲು ಹೋರಾಡುವುದು. ಕೊಟ್ಟವನೂ ಇದ್ದಾನೆ, ತೀರಿಸುವವನೂ ಇದ್ದಾನೆ. ಅಲ್ಲಿ ಅಕ್ಕಿ, ಇಲ್ಲಿ ಜೋಳ. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಅನ್ನುವ ಜನಕ್ಕೆ ಇದನ್ನು ಬಿಡಿಸಿ ಹೇಳುವ ಅಗತ್ಯವೂ ಇಲ್ಲ. ಒಡೆಯ ಸತ್ತಾಗ ಬಂಟನೂ ಸಾಯುವ ‘ಜುನ್ಶಿ’ಗೆ ‘ವೇಳೆವಾಳಿ’ ಇದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಅರಸ ಬಲ್ಲಾಳ ಸತ್ತಾಗ ತಾನೂ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಗರುಡಗಂಬ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಜಪಾನಿನಲ್ಲಿ 1663ರಲ್ಲಿ ಶೋಗನ್ ಸರ್ಕಾರವೇ ಅದನ್ನು ನಿಷೇಧಿಸಿತು. ಎರಡೂ ನಾಡಿನ ಆಚರಣೆ ಒಂದೇ ಅಂತ ನಾನು ಹೇಳುತ್ತಿಲ್ಲ. ಕೇಳುಗರನ್ನು ವಿಷಯದ ಬಾಗಿಲವರೆಗೆ ಕರೆದೊಯ್ಯಲು ಈ ಪದಗಳು ಸಾಕು.

ಕಾಗುಣಿತದ ಬಗ್ಗೆ ಸ್ವಲ್ಪ. ಸಮುರಾಯ್, ಸಾಮುರಾಯ್, ಸಮುರೈ ಎಲ್ಲವೂ ಓಡಾಡುತ್ತಿವೆ. ಉಚ್ಚಾರಕ್ಕೆ ಹತ್ತಿರ ‘ಸಮುರೈ’, ಯಾಕೆಂದರೆ ಜಪಾನಿಯಲ್ಲಿ ‘ರ’ ಹ್ರಸ್ವ. ಆದರೂ ನಾನು ‘ಸಮುರಾಯಿ’ ಹಿಡಿದಿದ್ದೇನೆ. ತಾಯಿಯ, ತಾಯಿಗೆ ಅನ್ನುವ ಹಾಗೆ ಸಮುರಾಯಿಯ, ಸಮುರಾಯಿಗೆ ಅಂತ ವಿಭಕ್ತಿ ಸಲೀಸಾಗಿ ಹತ್ತುತ್ತದೆ. ‘ಸಮುರಾಯರು’ ಮಾತ್ರ ಬೇಡ. ಕೃಷ್ಣದೇವರಾಯನ ನೆಂಟರ ಹಾಗೆ ಕೇಳಿಸುತ್ತದೆ. ‘ಸಮರ’ಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಕೇಳುವವರೂ ಇದ್ದಾರೆ. ಇಲ್ಲ.

ನಾನು ಇನ್ನೂ ತೀರ್ಮಾನಿಸದಿರುವುದು ‘ಡೈಮ್ಯೋ’. ಹತ್ತು ಸಾವಿರ ಕೊಕುವಿಗೆ ಮೇಲ್ಪಟ್ಟ ಸೀಮೆಯ ಒಡೆಯ ಅವನು. ಕೊಕು ಅಂದರೆ ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನುಷ್ಯನ ಒಂದು ವರ್ಷದ ಅನ್ನ. ಇದನ್ನು ‘ಖಂಡುಗ’ ಅನ್ನುವುದು ಸರಿಯಲ್ಲ, ‘ಖಂಡುಗದ ಗದ್ದೆ’ ಅನ್ನುವಾಗ ನಾವು ಬಿತ್ತುವ ಬೀಜ ಎಣಿಸುತ್ತೇವೆ, ಅವರು ಎಣಿಸುವುದು ಬೆಳೆಯನ್ನು. ಹಾಗಾಗಿ ಕೊಕು ಕೊಕುವಾಗಿಯೇ ಇರಲಿ. ಡೈಮ್ಯೋಗೆ ‘ಪಾಳೆಯಗಾರ’ ಅನ್ನಬಹುದಿತ್ತು. ಆದರೆ ‘ಪಾಳೆಗಾರಿಕೆ’ ಈಗ ಬೈಗುಳವಾಗಿದೆ. ಮೇಲಾಗಿ 1635ರ ನಿಯಮದಂತೆ ಡೈಮ್ಯೋಗಳು ವರ್ಷ ಬಿಟ್ಟು ವರ್ಷ ಎಡೊ (ಇಂದಿನ ಟೋಕಿಯೊ) ನಗರದಲ್ಲೇ ಇರಬೇಕಿತ್ತು, ಹೆಂಡತಿ ಮಕ್ಕಳನ್ನು ಸದಾ ಅಲ್ಲೇ ಬಿಟ್ಟಿರಬೇಕಿತ್ತು. ಅಷ್ಟು ಬಿಗಿ ಹಿಡಿತದಲ್ಲಿದ್ದವರನ್ನು ‘ಮಾಂಡಳಿಕ’ ಅನ್ನಬೇಕೋ, ‘ಸಾಮಂತ’ ಅನ್ನಬೇಕೋ?

ಶಾಸನ ಓದುವವರು ಇದನ್ನು ನೋಡಿ ಹೇಳಿದರೆ ಉಪಕಾರವಾಗುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಬೇರೆಯೇ ಪ್ರಶ್ನೆ: ‘ಊಳಿಗದ ಬಂಟ’ ಅಂತ ಚಿತ್ರದ ಕೆಳಗೆ ಬರೆದರೆ ನಿಮ್ಮಲ್ಲಿ ಯಾರಿಗಾದರೂ ಇರಿಸುಮುರಿಸಾಗುತ್ತದೆಯೇ? ಹಾಗಾದರೆ ಒಡೆಯನಿಗೆ ನಿಷ್ಠನಾದ ಸೇವಕ ಎಂಬ ಅರ್ಥದ ‘ಲೆಂಕ’ ಎಂಬ ಹಳೆಯ ಪದವನ್ನು ಮತ್ತೆ ಬಳಕೆಗೆ ತರಬಹುದೇ?