ಕರಾರುಪತ್ರದಲ್ಲಿ ‘ನಾಟ್‌ವಿತ್‌ಸ್ಟ್ಯಾಂಡಿಂಗ್’: ಎರಡು ಷರತ್ತುಗಳಲ್ಲಿ ಯಾವುದು ನಡೆಯುತ್ತದೆ?

ಹೊಸಬಾಡಿಗೆ ಕೇಳಿದ್ದು (ಉತ್ತರ ಕೊಟ್ಟವರ ಹೆಸರುಗಳೂ ಇಂಥ ಅಡ್ಡಹೆಸರುಗಳೇ):
11 ತಿಂಗಳ ಬಾಡಿಗೆ ಕರಾರಿನ ಇಂಗ್ಲಿಷ್ ಕರಡು ಇದು. 7ನೇ ಷರತ್ತಿನ ಪ್ರಕಾರ ಎರಡೂ ಕಡೆಯವರು 2 ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು. 12ನೆಯದು ‘ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್ ಕಂಟೇನ್ಡ್ ಇನ್ ದಿಸ್ ಅಗ್ರಿಮೆಂಟ್’ ಅಂತ ಶುರುವಾಗಿ, ಮೊದಲ 6 ತಿಂಗಳಲ್ಲಿ ಬಾಡಿಗೆದಾರ ಮನೆ ಬಿಟ್ಟರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಅನ್ನುತ್ತದೆ. ನಿಘಂಟಿನಲ್ಲಿ ‘ನಾಟ್‌ವಿತ್‌ಸ್ಟ್ಯಾಂಡಿಂಗ್’ಗೆ ‘ಆದಾಗ್ಯೂ’ ಅಂತಿದೆ. ಅದನ್ನಿಟ್ಟು ಓದಿದರೆ ವಾಕ್ಯ ಕೂಡುವುದೇ ಇಲ್ಲ. 7 ಮತ್ತು 12ರಲ್ಲಿ ಯಾವುದಕ್ಕೆ ಬೆಲೆ? ಕನ್ನಡ ಪ್ರತಿಯಲ್ಲಿ ಹೇಗೆ ಬರೆಯುವುದು?

ದಸ್ತಾವೇಜು:
‘ಆದಾಗ್ಯೂ’ ಸರಿಹೊಂದುವುದು ಆ ಪದ ಒಂಟಿಯಾಗಿ, ಕ್ರಿಯಾವಿಶೇಷಣವಾಗಿ ಬಂದಾಗ. ನಿಮ್ಮ ಕರಡಿನಲ್ಲಿ ಅದರ ಹಿಂದೆಯೇ ‘ಎನಿಥಿಂಗ್ ಕಂಟೇನ್ಡ್’ ಇದೆ. ಹಾಗಾಗಿ ‘ಈ ಕರಾರಿನಲ್ಲಿ ಬೇರೆಡೆ ಏನೇ ಇದ್ದರೂ’ ಎಂದು ಓದಿ. 7 ಮತ್ತು 12 ಡಿಕ್ಕಿ ಹೊಡೆದರೆ 12 ನಡೆಯುತ್ತದೆ.

ಆದರೆ ಡಿಕ್ಕಿ ಹೊಡೆದಷ್ಟು ಜಾಗದಲ್ಲಿ ಮಾತ್ರ. ಇದನ್ನೇ ಬಹಳ ಜನ ಮರೆಯುತ್ತಾರೆ. ಈ ಪದ ಕಂಡ ಕೂಡಲೇ ಮೂರು ವಿಷಯ ನೋಡಿ: ಯಾವುದನ್ನು ಬದಿಗೆ ಸರಿಸುತ್ತಿದೆ, ಯಾರ ಮೇಲೆ, ಎಷ್ಟು ಕಾಲ. ನಿಮ್ಮ 12ನೇ ಷರತ್ತು ಕಟ್ಟಿಹಾಕುವುದು ಬಾಡಿಗೆದಾರನನ್ನು, ಅದೂ 6 ತಿಂಗಳಿಗೆ. ಏಳನೇ ತಿಂಗಳಿಂದ ಅವರಿಗೂ 7ನೇ ಷರತ್ತು ಎಂದಿನಂತೆ ಸಿಗುತ್ತದೆ. ಮಾಲೀಕರ ಬಗ್ಗೆ 12 ಏನೂ ಹೇಳಿಲ್ಲ. ಅಂದರೆ ಅವರು ಮೂರನೇ ತಿಂಗಳಲ್ಲೇ 2 ತಿಂಗಳ ನೋಟಿಸ್ ಕೊಡಬಹುದು. ಲಾಕ್-ಇನ್ (ಬಿಟ್ಟುಹೋಗದಂತೆ ಕಟ್ಟಿಹಾಕುವ ಅವಧಿ) ಏಕಪಕ್ಷೀಯ! ಆ ನೋಟಿಸ್‌ನಂತೆ ಬಾಡಿಗೆದಾರ ಐದನೇ ತಿಂಗಳಲ್ಲಿ ಖಾಲಿ ಮಾಡಿದರೆ, ‘ಮನೆ ಬಿಟ್ಟರೆ’ ಎಂಬ ಮಾತು ಅದಕ್ಕೂ ತಗುಲುತ್ತದೆ ಎಂದು ವಾದ ಎದ್ದೀತು. ‘ತಾನಾಗಿ ಬಿಟ್ಟರೆ’ ಎಂದು ತಿದ್ದಿಸಿ.

ಇನ್ನೊಂದು ತೊಂದರೆ ‘ದಿಸ್ ಅಗ್ರಿಮೆಂಟ್’ ಅನ್ನುವುದರಲ್ಲಿದೆ. ನೀರಿನ ಸಂಪರ್ಕ ತಪ್ಪಿದರೆ ಅಥವಾ ದೊಡ್ಡ ರಿಪೇರಿ ಮಾಡಿಸದಿದ್ದರೆ ತಕ್ಷಣ ಬಿಡಬಹುದು ಎಂದು ಬೇರೆ ಷರತ್ತಿದ್ದರೆ, ಈ ಅಗಲವಾದ ಮಾತು ಅದನ್ನೂ ನುಂಗುತ್ತದೆ. ಬೇಕಿರುವುದು 7ನ್ನು ಮೀರುವುದಷ್ಟೇ ಆದರೆ ‘7ನೇ ಷರತ್ತಿನಲ್ಲಿ ಏನೇ ಇದ್ದರೂ’ ಎಂದು ಸಂಖ್ಯೆ ಹಾಕಿಸಿ. ಷರತ್ತುಗಳನ್ನು ಹಿಂದೆ ಮುಂದೆ ಮಾಡಿದಾಗ ಆ ಸಂಖ್ಯೆ ಬದಲಾಗಿದೆಯೇ ಎಂದೂ ನೋಡಿ. ಕಾಪಿ-ಪೇಸ್ಟ್ ಕರಡುಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಅನುಚ್ಛೇದ:
ಇದರ ಜೋಡಿಪದ ‘ಸಬ್ಜೆಕ್ಟ್ ಟು’, ಅಂದರೆ ‘ಒಳಪಟ್ಟು’. ಎರಡರ ದಿಕ್ಕೂ ಉಲ್ಟಾ. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಇರುವ ಷರತ್ತು ಮೇಲೇಳುತ್ತದೆ, ‘ಸಬ್ಜೆಕ್ಟ್ ಟು’ ಇರುವುದು ತಲೆಬಾಗುತ್ತದೆ. ಒಳ್ಳೆಯ ಉದಾಹರಣೆ ಸಂವಿಧಾನದ 246ನೇ ಅನುಚ್ಛೇದ. ಅದರ 1ನೇ ಖಂಡ ‘2 ಮತ್ತು 3ನೇ ಖಂಡಗಳಲ್ಲಿ ಏನೇ ಇದ್ದರೂ’ ಎಂದು ಶುರುವಾಗಿ ಕೇಂದ್ರ ಪಟ್ಟಿಯನ್ನು ಸಂಸತ್ತಿಗೆ ಕೊಡುತ್ತದೆ. 3ನೆಯದು ‘1 ಮತ್ತು 2ಕ್ಕೆ ಒಳಪಟ್ಟು’ ಎಂದು ಶುರುವಾಗಿ ರಾಜ್ಯ ಪಟ್ಟಿಯನ್ನು ವಿಧಾನಮಂಡಲಗಳಿಗೆ ಕೊಡುತ್ತದೆ. ಸಮವರ್ತಿ ಪಟ್ಟಿಯ ಬಗೆಗಿನ 2ನೇ ಖಂಡದಲ್ಲಿ ಒಂದೇ ವಾಕ್ಯದೊಳಗೆ ಎರಡೂ ಪದಗಳಿವೆ. ಅದನ್ನೊಮ್ಮೆ ನಿಧಾನವಾಗಿ ಬಿಡಿಸಿ ಓದಿದರೆ ಯಾವ ಕರಡಿಗೂ ಹೆದರಬೇಕಿಲ್ಲ.

‘ವಿದೌಟ್ ಪ್ರೆಜುಡಿಸ್ ಟು’ ಬೇರೆಯೇ. ಅಲ್ಲಿ ಯಾರೂ ಯಾರನ್ನೂ ಮೀರುವುದಿಲ್ಲ. ‘ಅದಕ್ಕೆ ಬಾಧಕವಾಗದಂತೆ ಇದೂ ಇರಲಿ’ ಎಂದಷ್ಟೇ.

ಕನ್ನಡ ಕಾಯ್ದೆಗಳಲ್ಲಿ ನೀವು ಕಾಣುವ ರೂಪ ‘ಏನೇ ಒಳಗೊಂಡಿದ್ದರೂ’. ಬಾಡಿಗೆ ಕರಾರಿಗೆ ‘ಏನೇ ಇದ್ದರೂ’ ಸಾಕು. ‘ವಿರುದ್ಧವಾಗಿ’ ಎಂದು ಹಾಕಬೇಡಿ, 12ನೇ ಷರತ್ತೇ ನಿಯಮ ಮುರಿದಂತೆ ಕೇಳಿಸುತ್ತದೆ. ‘ಹೊರತುಪಡಿಸಿ’ ಕೂಡ ಬೇಡ, ಅದು ವಿನಾಯಿತಿಯ ಮಾತು.

ಕಾಯ್ದೆಪುಟ:
ಮೇಲಿನದೆಲ್ಲ ಸರಿ, ಆದರೆ ಈ ಪದಕ್ಕೆ ಇಲ್ಲದ ಶಕ್ತಿಯನ್ನು ಕೊಡಬಾರದು. ಖಾಸಗಿ ಕರಾರು ತನ್ನದೇ ಷರತ್ತುಗಳನ್ನು ಮೀರಬಹುದು. ಕಡ್ಡಾಯ ಕಾನೂನನ್ನು ಮೀರಲಾರದು. ‘ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ ಬಾಡಿಗೆದಾರ ಕೋರ್ಟಿಗೆ ಹೋಗುವಂತಿಲ್ಲ’ ಎಂದು ಬರೆದರೆ, 1872ರ ಕರಾರು ಕಾಯ್ದೆಯ 28ನೇ ಕಲಂ ಪ್ರಕಾರ ಆ ಮಾತೇ ಅನೂರ್ಜಿತ. ಅಡ್ವಾನ್ಸ್ ಮುಟ್ಟುಗೋಲಿಗೆ ಅದೇ ಕಾಯ್ದೆಯ 74ನೇ ಕಲಂ ನೋಡಿ: ಕರಾರು ಮುರಿದಾಗ ಸಿಗುವುದು ನ್ಯಾಯವಾದ ಪರಿಹಾರ, ಬರೆದಿಟ್ಟ ಮೊತ್ತ ಅದರ ಮೇಲ್ಮಿತಿ ಮಾತ್ರ. ಒಂದು ತಿಂಗಳು ಮುಂಚೆ ಬಿಟ್ಟವರಿಂದ ಹತ್ತು ತಿಂಗಳ ಅಡ್ವಾನ್ಸ್ ಪೂರ್ತಿ ಹಿಡಿದುಕೊಂಡರೆ ಈ ಕಲಮಿನ ಎದುರು ಸಮರ್ಥಿಸಿಕೊಳ್ಳುವುದು ಕಷ್ಟ.

ಒಂದೇ ಪತ್ರದಲ್ಲಿ ಎರಡು ಷರತ್ತುಗಳಿಗೆ ಈ ಪದ ಅಂಟಿಸಿದರೆ ಎರಡೂ ‘ನಾನೇ ಮೇಲು’ ಅನ್ನುತ್ತವೆ, ಜಗಳ ಖಾತ್ರಿ. ಕಾಯ್ದೆಗಳ ನಡುವೆಯೂ ಹೀಗಾಗಿದೆ. 1985ರ ರೋಗಗ್ರಸ್ತ ಕೈಗಾರಿಕೆಗಳ ಕಾಯ್ದೆ ಮತ್ತು ಷೇರು ಹಗರಣದ ನಂತರ ಬಂದ 1992ರ ವಿಶೇಷ ನ್ಯಾಯಾಲಯ ಕಾಯ್ದೆ ಎರಡರಲ್ಲೂ ಈ ಮಾತಿತ್ತು. 2001ರ ಸಾಲಿಡೇರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಂತರ ಬಂದ 1992ರದ್ದನ್ನೇ ಎತ್ತಿಹಿಡಿಯಿತು. ಕರಾರಿನ ಎರಡು ಷರತ್ತುಗಳೋ ಒಂದೇ ದಿನ ಸಹಿಯಾದವು, ಅಲ್ಲಿ ‘ನಂತರದ್ದು’ ಅನ್ನುವುದೇ ಇರುವುದಿಲ್ಲ. ಒಂದನ್ನು ತೆಗೆಸಿ.

ಪದಜೋಡಣೆ:
ಮಾಮೂಲಿ ಇಂಗ್ಲಿಷಿನ ಬಗ್ಗೆ ಎರಡು ಮಾತು. ಇದು ಒಂದೇ ಪದ, ನಡುವೆ ಜಾಗ ಬಿಡಬಾರದು. ಒತ್ತು ‘ಸ್ಟ್ಯಾಂಡ್’ ಮೇಲೆ. ಇದರ ನಂತರ ‘ಆಫ್’ ಸೇರಿಸುವುದು ತಪ್ಪು. ನಾಮಪದದ ನಂತರವೂ ಬರಬಹುದು: ‘ದ ರೈನ್ ನಾಟ್‌ವಿತ್‌ಸ್ಟ್ಯಾಂಡಿಂಗ್’, ಅಂದರೆ ಮಳೆಯಿದ್ದರೂ. ಇಮೇಲ್‌ನಲ್ಲಿ ಇದರ ಬದಲು ‘ಡಿಸ್ಪೈಟ್’ ಬರೆಯಿರಿ, ಯಾರೂ ಅಂಕ ಕಳೆಯುವುದಿಲ್ಲ.

ಕೆನಡಾದ ಸುದ್ದಿಯಲ್ಲಿ ಬರುವ ‘ನಾಟ್‌ವಿತ್‌ಸ್ಟ್ಯಾಂಡಿಂಗ್ ಕ್ಲಾಸ್’ ಒಂದು ನಿರ್ದಿಷ್ಟ ಕಲಮಿನ ಅಡ್ಡಹೆಸರು. ಅದು 1982ರ ಹಕ್ಕುಗಳ ಸನ್ನದಿನ 33ನೇ ಕಲಂ. ಸನ್ನದಿನ ಕೆಲವು ಹಕ್ಕುಗಳನ್ನು ಮೀರಿಯೂ ಕಾನೂನು ನಡೆಯಲಿ ಎಂದು ಶಾಸಕಾಂಗ ಘೋಷಿಸಬಹುದು. ಆ ಘೋಷಣೆಯ ಆಯುಸ್ಸು 5 ವರ್ಷ, ಆಮೇಲೆ ಮತ್ತೆ ಹೊರಡಿಸಬಹುದು. ಅಲ್ಲಿನ ಕ್ವಿಬೆಕ್ ಪ್ರಾಂತ್ಯ 2019ರಲ್ಲಿ ಧಾರ್ಮಿಕ ಚಿಹ್ನೆಗಳ ಕಾನೂನಿಗೆ ಬಳಸಿದ್ದು ಇದನ್ನೇ.

ಹೊಸಬಾಡಿಗೆ:
ಅರ್ಥವಾಯಿತು. 12ನೆಯದಕ್ಕೆ ಒಂದು ಕನ್ನಡ ಕರಡು ಕೊಡಬಹುದೇ?

ದಸ್ತಾವೇಜು:
‘7ನೇ ಷರತ್ತಿನಲ್ಲಿ ಏನೇ ಇದ್ದರೂ, ಬಾಡಿಗೆ ಆರಂಭವಾದ ದಿನದಿಂದ 6 ತಿಂಗಳೊಳಗೆ ಬಾಡಿಗೆದಾರರು ತಾವಾಗಿ ಮನೆ ಖಾಲಿ ಮಾಡಿದಲ್ಲಿ, 2 ತಿಂಗಳ ಬಾಡಿಗೆಗೆ ಸಮನಾದ ಹಣವನ್ನು ಮುಂಗಡದಿಂದ ಮುರಿದುಕೊಂಡು ಉಳಿದದ್ದನ್ನು ಮಾಲೀಕರು ಹಿಂದಿರುಗಿಸತಕ್ಕದ್ದು. ಮಾಲೀಕರೇ ನೋಟಿಸ್ ಕೊಟ್ಟಿದ್ದರೆ ಈ ಷರತ್ತು ಅನ್ವಯಿಸುವುದಿಲ್ಲ.’

2 ತಿಂಗಳು ಅನ್ನುವುದು ಮಾದರಿ, ನೀವಿಬ್ಬರೂ ಮಾತಾಡಿಕೊಂಡಷ್ಟು ಹಾಕಿ. ಎರಡೂ ಭಾಷೆಯ ಪ್ರತಿಗಳಿಗೆ ಸಹಿ ಮಾಡುವುದಾದರೆ, ವ್ಯತ್ಯಾಸ ಬಂದಾಗ ಯಾವ ಪ್ರತಿ ಪ್ರಮಾಣ ಎಂದೂ ಒಂದು ಸಾಲು ಸೇರಿಸಿ.